ಬ್ರೂಸ್ ಡಿಕಿನ್ಸನ್: ದಾವಣಗೆರೆ–ಚಿತ್ರದುರ್ಗ ಸೀಮೆಯ ಮೆಟಲ್ ಕೇಳುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ಗಾಯಕ ಬ್ರೂಸ್ ಡಿಕಿನ್ಸನ್ ಬಗ್ಗೆ ಹಾಸ್ಟೆಲ್ ರೂಮುಗಳಲ್ಲಿ, ಕಾಲೇಜು ಫೆಸ್ಟಿನ ಪ್ರಾಕ್ಟೀಸ್ ನಡುವೆ, ಮಂಡಕ್ಕಿ-ಮೆಣಸಿನಕಾಯಿ ಅಂಗಡಿ ಮುಂದೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಇದ್ದ ಹಾಗೇ ಉಳಿಸಿಕೊಂಡಿದ್ದೇವೆ. ಹೊಸಬರು ಮೇಲಿನಿಂದ ಓದಿ, ಹಳಬರು ಬೇಕಾದ್ದಕ್ಕೆ ನೇರ ಹೋಗಿ.

## ಈಗಷ್ಟೇ ಕೇಳೋಕೆ ಶುರು ಮಾಡಿದವರಿಗೆ

ಐರನ್ ಮೇಡನ್ ಕಟ್ಟಿದ್ದು ಬ್ರೂಸೇ ಅಲ್ವಾ?

ಅಲ್ಲ. ಕಟ್ಟಿದ್ದು ಬಾಸ್ ಗಿಟಾರ್ ನುಡಿಸುವ ಸ್ಟೀವ್ ಹ್ಯಾರಿಸ್, 1975ರಲ್ಲಿ, ಪೂರ್ವ ಲಂಡನ್ನಿನಲ್ಲಿ. ಇವತ್ತಿಗೂ ಬ್ಯಾಂಡಿನ ಯಜಮಾನಿಕೆ ಅವನದೇ. ಮೊದಲ ಎರಡು ಆಲ್ಬಮ್, ಅಂದರೆ ‘ಐರನ್ ಮೇಡನ್’ (1980) ಮತ್ತು ‘ಕಿಲ್ಲರ್ಸ್’ (1981), ಹಾಡಿದ್ದು ಪಾಲ್ ಡಿಯಾನೊ. ಬ್ರೂಸ್ ಬಂದಿದ್ದು 1981ರ ಸೆಪ್ಟೆಂಬರಿನಲ್ಲಿ. ಅವನ ಮೊದಲ ಆಲ್ಬಮ್ ‘ದಿ ನಂಬರ್ ಆಫ್ ದಿ ಬೀಸ್ಟ್’ 1982ರ ಮಾರ್ಚಿನಲ್ಲಿ ಬಂದು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1993ರಲ್ಲಿ ಬಿಟ್ಟ, 1999ರಲ್ಲಿ ಮರಳಿದ. ನಡುವಿನ ‘ದಿ ಎಕ್ಸ್ ಫ್ಯಾಕ್ಟರ್’ (1995) ಮತ್ತು ‘ವರ್ಚುವಲ್ ಇಲೆವೆನ್’ (1998) ಆಲ್ಬಮ್ಮುಗಳಲ್ಲಿರುವುದು ಬ್ಲೇಜ್ ಬೇಲಿಯ ದನಿ. ಇವೆರಡನ್ನು ಕೇಳಿ “ಬ್ರೂಸಿನ ದನಿ ಯಾಕೋ ಇಳಿದೈತಿ” ಅನ್ನುವವರು ಈಗಲೂ ಸಿಗುತ್ತಾರೆ.

ಅಣ್ಣ, ಇಷ್ಟೊಂದು ಆಲ್ಬಮ್ ಅದಾವು, ಎಲ್ಲಿಂದ ಹಿಡೀಲಿ?

‘ಬೆಸ್ಟ್ ಆಫ್’ ಪಟ್ಟಿಯಿಂದ ಬೇಡ, ಷಫಲ್ ಹಾಕಿಯಂತೂ ಬೇಡವೇ ಬೇಡ. ಪಟ್ಟಿಗಳಲ್ಲಿ ಮೂವರೂ ಗಾಯಕರು, ಸ್ಟುಡಿಯೊ-ಲೈವ್ ಎಲ್ಲ ಕಲಸಿಹೋಗಿರುತ್ತವೆ. ಒಂದು ದನಿ ಕಿವಿಯಲ್ಲಿ ಕೂರುವ ಮೊದಲೇ ಇನ್ನೊಂದು ಬಂದುಬಿಡುತ್ತದೆ.

ಮೊದಲು ‘ದಿ ನಂಬರ್ ಆಫ್ ದಿ ಬೀಸ್ಟ್’ ಪೂರ್ತಿ ಕೇಳಿ, ಸುಮಾರು 40 ನಿಮಿಷ. ಮಾರನೇ ದಿನ ‘ಪವರ್‌ಸ್ಲೇವ್’ (1984). ಆಮೇಲೆ ನೇರ ‘ಬ್ರೇವ್ ನ್ಯೂ ವರ್ಲ್ಡ್’ಗೆ (2000) ಜಿಗಿಯಿರಿ. ಹದಿನಾರು ವರ್ಷದ ಅಂತರದಲ್ಲಿ ದನಿಯ ಕೆಳಸ್ಥಾಯಿ ಎಷ್ಟು ದಪ್ಪವಾಗಿದೆ ಅನ್ನೋದು ಅಲ್ಲೇ ತಿಳಿಯುತ್ತದೆ. ಹಾಗೆ ಆದದ್ದು ಹೇಗೆ ಅನ್ನುವುದಕ್ಕೆ ಉತ್ತರ ಅವನ ಸೋಲೋ ಆಲ್ಬಮ್ ‘ದಿ ಕೆಮಿಕಲ್ ವೆಡ್ಡಿಂಗ್’ನಲ್ಲಿದೆ (1998). ನಾಲ್ಕನೆಯದಾಗಿ ಅದನ್ನು ಕೇಳಿ. ಈ ನಾಲ್ಕು ಹಿಡಿಸದಿದ್ದರೆ ಉಳಿದ ಇಪ್ಪತ್ತೂ ಹಿಡಿಸುವುದು ಅನುಮಾನ.

ಮನೇಲಿ “ಬರೀ ಕಿರುಚಾಟ, ಅದೂ ದೆವ್ವದ ಪೂಜೆ” ಅಂತಾರೆ. ಏನ್ ಹೇಳ್ಲಿ?

ಕಿರುಚಾಟದ ಮಾತಿಗೆ ಹಿರಿಯರಿಗೆ ಅವರದೇ ಉದಾಹರಣೆ ಕೊಡಿ. ದಾವಣಗೆರೆ ಕಂಪನಿ ನಾಟಕಗಳ ಊರು. ಮೈಕು ಬರುವ ಮೊದಲು ರಂಗಗೀತೆ ಹಾಡುವ ನಟ ಕೊನೆಯ ಸಾಲಿನ ನೆಲದ ಟಿಕೆಟ್ಟಿನವನಿಗೂ ಮಾತು ಮುಟ್ಟಿಸಲು ತಾರದಲ್ಲಿ, ಎದೆಯಿಂದ, ಅಕ್ಷರ ಬಿಡಿಸಿ ಹಾಡುತ್ತಿದ್ದ. ಬ್ರೂಸ್ ಮಾಡುವುದೂ ಅದೇ ಕೆಲಸ. ಅವನ ಹಾಡಿನಲ್ಲಿ ಪದ ನುಂಗಿಹೋಗುವುದಿಲ್ಲ, ಸ್ವರ ತೂರಾಡುವುದಿಲ್ಲ. ಮೆಟಲ್ಲಿನ ಬೇರೆ ಕವಲುಗಳಲ್ಲಿ ಬರುವ ಗುರುಗುಟ್ಟುವ ದನಿ ಇವನದಲ್ಲವೇ ಅಲ್ಲ.

ದೆವ್ವದ ವಿಷಯ: 666ರ ಹಾಡನ್ನು, ಅಂದರೆ ‘ದಿ ನಂಬರ್ ಆಫ್ ದಿ ಬೀಸ್ಟ್’ ಶೀರ್ಷಿಕೆ ಗೀತೆಯನ್ನು, ಬರೆದದ್ದು ಸ್ಟೀವ್ ಹ್ಯಾರಿಸ್, ಒಂದು ಭಯಾನಕ ಸಿನಿಮಾ ನೋಡಿ ಬಿದ್ದ ಕೆಟ್ಟ ಕನಸಿನಿಂದ. ಹಾಡಿನೊಳಗಿನ ಮನುಷ್ಯ ಕಂಡದ್ದಕ್ಕೆ ಹೆದರಿ ಪೊಲೀಸರಿಗೆ ಹೇಳಲು ಓಡುತ್ತಾನೆ. ಪೂಜೆ ಮಾಡುವವನ ಲಕ್ಷಣ ಅದಲ್ಲ.

ವಿಮಾನ ಓಡಿಸ್ತಾನಂತೆ, ನಿಜಾನಾ?

ನಿಜ. ವಾಣಿಜ್ಯ ಪೈಲಟ್ ಲೈಸೆನ್ಸ್ ಪಡೆದು ಆಸ್ಟ್ರೇಯಸ್ ಅನ್ನುವ ಬ್ರಿಟಿಷ್ ವಿಮಾನ ಕಂಪನಿಯಲ್ಲಿ ಕ್ಯಾಪ್ಟನ್ ಆಗಿದ್ದವನು. 2008ರ ಪ್ರವಾಸಕ್ಕೆ ಬ್ಯಾಂಡು, ಸಿಬ್ಬಂದಿ, ಸಾಮಾನು ಎಲ್ಲವನ್ನೂ ಒಂದೇ ಬೋಯಿಂಗ್ 757ರಲ್ಲಿ ತುಂಬಿಕೊಂಡು ತಾನೇ ಹಾರಿಸಿದ. 2016ರಲ್ಲಿ ಅದರ ಜಾಗಕ್ಕೆ 747 ಬಂತು. ಕತ್ತಿವರಸೆಯಲ್ಲೂ ಗಟ್ಟಿಗ.

## ಆಲ್ಬಮ್ಮುಗಳ ಲೆಕ್ಕ

ಮೇಡನ್‌ಗೂ ಮುಂಚೆ ಏನ್ ಮಾಡ್ತಿದ್ದ?

ಸ್ಯಾಮ್ಸನ್ ಎಂಬ ಬ್ಯಾಂಡಿನಲ್ಲಿ ‘ಬ್ರೂಸ್ ಬ್ರೂಸ್’ ಹೆಸರಿನಲ್ಲಿ ಹಾಡುತ್ತಿದ್ದ. ‘ಹೆಡ್ ಆನ್’ (1980), ‘ಶಾಕ್ ಟ್ಯಾಕ್ಟಿಕ್ಸ್’ (1981) ಸಿಕ್ಕರೆ ಕೇಳಿ. ದನಿ ಅಲ್ಲೇ ಇದೆ, ಅದಕ್ಕೆ ತಕ್ಕ ಹಾಡುಗಳಿಲ್ಲ, ಅಷ್ಟೇ. ಈ ಹಳೇ ಕರಾರಿನ ತೊಡಕಿನಿಂದಲೇ ‘ನಂಬರ್ ಆಫ್ ದಿ ಬೀಸ್ಟ್’ನ ಯಾವ ಹಾಡಿಗೂ ರಚನೆಯ ಶ್ರೇಯದಲ್ಲಿ ಅವನ ಹೆಸರಿಲ್ಲ. ಹೆಸರಿಲ್ಲ ಅಂದಮಾತ್ರಕ್ಕೆ ಕೈ ಇರಲಿಲ್ಲ ಅಂತಲ್ಲ.

80ರ ದಶಕದ ಆಲ್ಬಮ್ ಎಲ್ಲಾ ಒಂದೇ ಥರ ಕೇಳ್ತಾವೆ. ಏನ್ ವ್ಯತ್ಯಾಸ ಹಿಡೀಬೇಕು?

ಗಿಟಾರು ಬಿಟ್ಟು ದನಿಯೊಂದನ್ನೇ ಹಿಂಬಾಲಿಸಿ, ಬೇರೆ ಬೇರೆಯಾಗಿ ನಿಲ್ಲುತ್ತವೆ. 1981ರಿಂದ 1990ರವರೆಗೆ ಧ್ವನಿಮುದ್ರಣದ ಹೊಣೆ ಹೊತ್ತವನು ಮಾರ್ಟಿನ್ ಬರ್ಚ್ ಒಬ್ಬನೇ. ಹಾಗಾಗಿ ಬದಲಾವಣೆ ಕಾಣುವುದು ಗಾಯಕನಲ್ಲಿ, ಮತ್ತು ಹಾಡು ಬರೆದವರು ಯಾರು ಅನ್ನುವುದರಲ್ಲಿ.

1982ರ ದನಿ ತೆಳು, ಚೂಪು. ‘ಹ್ಯಾಲೋಡ್ ಬಿ ದೈ ನೇಮ್’ ತಗ್ಗಿನಲ್ಲಿ ಶುರುವಾಗಿ ನಿಧಾನಕ್ಕೆ ಮೇಲೇರುತ್ತದೆ. ಗಲ್ಲಿಗೇರಲಿರುವವನ ಹಾಡಿಗೆ ಬೇಕಾದ ನಡಿಗೆಯೇ ಅದು. ‘ಪೀಸ್ ಆಫ್ ಮೈಂಡ್’ನಲ್ಲಿ (1983) ಬ್ರೂಸ್ ಮೊದಲ ಸಲ ತನ್ನ ಹೆಸರಿನಲ್ಲಿ ಬರೆದ. ‘ರೆವೆಲೇಶನ್ಸ್’ ಪೂರ್ತಿ ಅವನದೇ, ‘ಫ್ಲೈಟ್ ಆಫ್ ಐಕಾರಸ್’ ಬ್ಯಾಂಡಿನ ಗಿಟಾರಿಸ್ಟ್ ಏಡ್ರಿಯನ್ ಸ್ಮಿತ್ ಜೊತೆಗೂಡಿ ಬರೆದದ್ದು. ಹ್ಯಾರಿಸ್ ಬರೆದ ಹಾಡಿನಲ್ಲಿ ಒಂದೊಂದು ಸ್ವರಕ್ಕೂ ಒಂದೊಂದು ಪದ ತುಂಬಿ ಉಸಿರಿಗೆ ಜಾಗವೇ ಇರುವುದಿಲ್ಲ. ಸ್ಮಿತ್–ಬ್ರೂಸ್ ಹಾಡಿನಲ್ಲಿ ಪಲ್ಲವಿ ಉದ್ದಕ್ಕೆ ಎಳೆದು ನಿಲ್ಲುತ್ತದೆ. ಇಷ್ಟು ಹಿಡಿದುಕೊಂಡರೆ ಹೆಸರು ನೋಡದೆಯೇ ಯಾರ ಹಾಡು ಅಂತ ಹೇಳಬಹುದು.

‘ಪವರ್‌ಸ್ಲೇವ್’ ಶೀರ್ಷಿಕೆ ಗೀತೆಯೂ ಬ್ರೂಸ್ ಒಬ್ಬನದೇ. ಷಡ್ಜದ ಪಕ್ಕಕ್ಕೆ ಅಂಟಿಕೊಂಡ ಶುದ್ಧ ರಿಷಭದಿಂದ ಈಜಿಪ್ಟಿನ ಛಾಯೆ ತಂದಿದ್ದಾನೆ. ನಮ್ಮ ಕಿವಿಗೆ ಅದು ವಿದೇಶಿ ಅನ್ನಿಸುವುದೇ ಇಲ್ಲ. ಆ ಆಲ್ಬಮ್ಮಿನ ಪ್ರವಾಸ 1984ರ ಆಗಸ್ಟಿನಿಂದ 1985ರ ಜುಲೈವರೆಗೆ ಎಳೆದು ಎಲ್ಲರನ್ನೂ ಹಿಂಡಿಹಾಕಿತು. ಅದರ ಗುರುತು ‘ಸಮ್‌ವೇರ್ ಇನ್ ಟೈಮ್’ನಲ್ಲಿದೆ (1986). ಬ್ರೂಸ್ ಅಕೂಸ್ಟಿಕ್ ಹಾಡುಗಳನ್ನು ತಂದ, ಉಳಿದವರು ಬೇಡ ಎಂದರು. ಇಡೀ ಆಲ್ಬಮ್ಮಿನಲ್ಲಿ ಅವನ ರಚನೆ ಒಂದೂ ಇಲ್ಲ. ‘ಸೆವೆಂತ್ ಸನ್ ಆಫ್ ಎ ಸೆವೆಂತ್ ಸನ್’ನಲ್ಲಿ (1988) ಮತ್ತೆ ಬರೆಯಲು ಕೂತ. ಪಿಸುಮಾತಿನಿಂದ ಗರ್ಜನೆವರೆಗೆ ಎಲ್ಲವೂ ಅಲ್ಲಿ ಸಿಗುತ್ತದೆ.

‘ನೋ ಪ್ರೇಯರ್ ಫಾರ್ ದಿ ಡೈಯಿಂಗ್’ (1990) ಹ್ಯಾರಿಸನ ಜಮೀನಿನ ಹಳೇ ಕಣಜದಲ್ಲಿ, ಸಂಚಾರಿ ಸ್ಟುಡಿಯೊ ತಂದು ಮುದ್ರಿಸಿದ್ದು. ಬ್ರೂಸ್ ಬೇಕೆಂದೇ ಒರಟು ದನಿ ಬಳಸಿದ. ಇಷ್ಟು ಒಳ್ಳೆಯ ಗಂಟಲಿಗೆ ಮರಳುಕಾಗದ ಉಜ್ಜುವ ಅಗತ್ಯವಿರಲಿಲ್ಲ ಅನ್ನೋದು ನಮ್ಮ ಖಚಿತ ಅಭಿಪ್ರಾಯ. ತಮಾಷೆಯೆಂದರೆ ಬ್ರಿಟನ್ನಿನಲ್ಲಿ ಮೇಡನ್‌ನ ಒಂದನೇ ನಂಬರ್ ಸಿಂಗಲ್ ಬಂದದ್ದು ಇದೇ ಆಲ್ಬಮ್ಮಿನಿಂದ: ‘ಬ್ರಿಂಗ್ ಯುವರ್ ಡಾಟರ್ ಟು ದಿ ಸ್ಲಾಟರ್’, 1991ರ ಜನವರಿಯಲ್ಲಿ.

ಅಷ್ಟು ದೊಡ್ಡ ಬ್ಯಾಂಡ್ ಬಿಟ್ಟು ಹೋಗಿ ಏನ್ ಸಾಧಿಸಿದ? ಸೋಲೋ ಕೇಳ್ಲೇಬೇಕಾ?

ಕೇಳಲೇಬೇಕು. ಬ್ರೂಸಿನ ಕತೆಯಲ್ಲಿ ಜನ ಹಾರಿಸಿಬಿಡುವ ಭಾಗ ಇದು, ಆದರೆ ತಿರುವು ಇರುವುದು ಇಲ್ಲೇ.

ಬಿಡುವ ಮೊದಲೇ ‘ಟ್ಯಾಟೂಡ್ ಮಿಲಿಯನೇರ್’ (1990) ಮಾಡಿದ್ದ. ಹಗುರವಾದ ರಾಕ್. ಅದರಲ್ಲಿ ಗಿಟಾರ್ ನುಡಿಸಿದ ಯಾನಿಕ್ ಗೆರ್ಸ್, ಏಡ್ರಿಯನ್ ಸ್ಮಿತ್ ಹೊರಟಾಗ ಮೇಡನ್‌ಗೆ ಬಂದ. 1993ರ ಆಗಸ್ಟ್ 28ರಂದು ಕೊನೆಯ ಪ್ರದರ್ಶನ ಕೊಟ್ಟು ಬ್ರೂಸ್ ಹೊರನಡೆದ. ‘ಬಾಲ್ಸ್ ಟು ಪಿಕಾಸೊ’ದಲ್ಲಿ (1994) ರಾಯ್ ಝಡ್ ಎಂಬ ಗಿಟಾರಿಸ್ಟ್ ಸಿಕ್ಕ, ‘ಟಿಯರ್ಸ್ ಆಫ್ ದಿ ಡ್ರ್ಯಾಗನ್’ ಹುಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮುತ್ತಿಗೆಯಲ್ಲಿದ್ದ ಸರಾಯೆವೊ ನಗರಕ್ಕೆ ಹೋಗಿ ಹಾಡಿಬಂದ. ‘ಸ್ಕಂಕ್‌ವರ್ಕ್ಸ್’ (1996) ಆ ಕಾಲದ ಸಿಯಾಟಲ್ ಗ್ರಂಜ್ ರಾಕ್ ಗಾಳಿಗೆ ಮೈಯೊಡ್ಡಿದ ಆಲ್ಬಮ್. ಕೆಟ್ಟದ್ದಲ್ಲ, ಆದರೆ ಬೇರೆಯವರ ಅಂಗಿ.

1997ರಲ್ಲಿ ರಾಯ್ ಝಡ್ ಮರಳಿದ, ಏಡ್ರಿಯನ್ ಸ್ಮಿತ್ ಜೊತೆಯಾದ, ‘ಆಕ್ಸಿಡೆಂಟ್ ಆಫ್ ಬರ್ತ್’ ಬಂತು. ಮರುವರ್ಷ ‘ದಿ ಕೆಮಿಕಲ್ ವೆಡ್ಡಿಂಗ್’, ಕವಿ ವಿಲಿಯಂ ಬ್ಲೇಕನ ಲೋಕದಿಂದ ಎತ್ತಿದ್ದು. ಮುಖಪುಟದ ಚಿತ್ರವೂ ಬ್ಲೇಕ್ ಬರೆದದ್ದೇ. ಗಿಟಾರಿನ ಶ್ರುತಿ ಕೆಳಕ್ಕಿಳಿದದ್ದರಿಂದ ದನಿಗೆ ಮಧ್ಯಸ್ಥಾಯಿಯಲ್ಲಿ ಜಾಗ ಸಿಕ್ಕಿತು. ಸದಾ ತಾರದಲ್ಲೇ ಓಡುತ್ತಿದ್ದವನು ಇಲ್ಲಿ ನಿಂತು ಹಾಡಿದ. ಅದೇ ಹೊತ್ತಿಗೆ ಮೇಡನ್ ಸೊರಗುತ್ತಿತ್ತು. ಹಾಗಾಗಿ 1999ರಲ್ಲಿ ಅವನು ಸ್ಮಿತ್‌ನನ್ನೂ ಜೊತೆಗೆ ಕರೆದುಕೊಂಡು ಬಂದದ್ದು ಸೋತು ಮರಳಿದ್ದಲ್ಲ. ಮೂರು ಗಿಟಾರಿನ ‘ಬ್ರೇವ್ ನ್ಯೂ ವರ್ಲ್ಡ್’ ನಿಂತಿರುವುದು ಈ ಎರಡು ಆಲ್ಬಮ್ಮುಗಳ ಹೆಗಲ ಮೇಲೆ.

ಕೇಳುವ ಕ್ರಮ: ‘ಆಕ್ಸಿಡೆಂಟ್ ಆಫ್ ಬರ್ತ್’, ‘ಕೆಮಿಕಲ್ ವೆಡ್ಡಿಂಗ್’, ‘ಬಾಲ್ಸ್ ಟು ಪಿಕಾಸೊ’, ಆಮೇಲೆ ‘ಟಿರನಿ ಆಫ್ ಸೋಲ್ಸ್’ (2005), ‘ದಿ ಮ್ಯಾಂಡ್ರೇಕ್ ಪ್ರಾಜೆಕ್ಟ್’ (2024). ಉಳಿದೆರಡು ಕೊನೆಗೆ.

ಲೈವ್ ಆಲ್ಬಮ್ ಒಂದೇ ಒಂದು ಅಂದ್ರೆ?

‘ಲೈವ್ ಆಫ್ಟರ್ ಡೆತ್’ (1985) ಅಂತ ಎಲ್ಲರೂ ಹೇಳುತ್ತಾರೆ, ತಪ್ಪಿಲ್ಲ. ಆದರೆ ದನಿಯ ಲೆಕ್ಕಕ್ಕೆ ‘ರಾಕ್ ಇನ್ ರಿಯೊ’ (2002) ಒಂದು ಕೈ ಮೇಲು. 1985ರದ್ದು ದಣಿದ ಗಂಟಲು, ಹಲವು ಕಡೆ ಮೇಲಿನ ಸ್ವರ ಬಿಟ್ಟು ಕೆಳಗಿನದನ್ನು ಹಿಡಿಯುತ್ತಾನೆ. ‘ಫಿಯರ್ ಆಫ್ ದಿ ಡಾರ್ಕ್’ ಹಾಡನ್ನಂತೂ ಸ್ಟುಡಿಯೊದಲ್ಲಿ ಕೇಳಿ ತೀರ್ಪು ಕೊಡಬೇಡಿ. ಗಿಟಾರಿನ ಎಳೆಯನ್ನು ಜನ ಹಾಡುವುದು ಈಗ ಆ ಹಾಡಿನ ಅಂಗವೇ ಆಗಿಬಿಟ್ಟಿದೆ.

ಬೆಂಗಳೂರಿಗೆ ಬಂದಿದ್ರಂತೆ? ಮತ್ತೆ ಅಂಥ ಶೋ ಬಂದ್ರೆ ನಮ್ಮೂರಿಂದ ಹೋಗಿ ಬರೋದು ಹೆಂಗೆ?

ಮೇಡನ್ ಭಾರತದಲ್ಲಿ ಮೊದಲು ಹಾಡಿದ್ದೇ ಬೆಂಗಳೂರಿನ ಅರಮನೆ ಮೈದಾನದಲ್ಲಿ, 2007ರ ಮಾರ್ಚ್ 17ರಂದು. ಅವರಿಗಿಂತ ಮುಂಚೆ ವೇದಿಕೆಗೆ ಬಂದವರಲ್ಲಿ ದೆಹಲಿಯ ಪರಿಕ್ರಮ ಬ್ಯಾಂಡೂ ಇತ್ತು. 2008ರ ಫೆಬ್ರವರಿ 1ರಂದು ಮುಂಬೈ, 2009ರ ಫೆಬ್ರವರಿಯಲ್ಲಿ ಮತ್ತೆ ಬೆಂಗಳೂರು. ಮುಂಬೈ ದೃಶ್ಯಗಳು ‘ಫ್ಲೈಟ್ 666’ ಸಾಕ್ಷ್ಯಚಿತ್ರದಲ್ಲಿವೆ.

ಹೋಗಿಬರುವ ಲೆಕ್ಕ: ದಾವಣಗೆರೆಯಿಂದ ಸುಮಾರು 260 ಕಿ.ಮೀ., ಚಿತ್ರದುರ್ಗದಿಂದ 200. ಹೋಗುವಾಗ ದಾವಣಗೆರೆಯವರಿಗೆ ರೈಲು ಸಲೀಸು. ದುರ್ಗ ಮುಖ್ಯ ಮಾರ್ಗದಲ್ಲಿಲ್ಲ, ಚಿಕ್ಕಜಾಜೂರಿನಿಂದ ಬಳ್ಳಾರಿ ಕಡೆಗೆ ಕವಲೊಡೆದ ಹಾದಿಯಲ್ಲಿದೆ. ಹಾಗಾಗಿ ಅಲ್ಲಿನವರಿಗೆ ಬಸ್ಸೇ ಗತಿ. ಬಯಲಿನ ಕಾರ್ಯಕ್ರಮಕ್ಕೆ ಧ್ವನಿವರ್ಧಕದ ನಿಯಮದ ಪ್ರಕಾರ ರಾತ್ರಿ 10ಕ್ಕೆ ಮಂಗಳ ಹಾಡಬೇಕು. ಆಮೇಲೆ ಮೆಜೆಸ್ಟಿಕ್‌ಗೆ ಹೋಗಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳಬೇಡಿ. ಮೇಖ್ರಿ ಸರ್ಕಲ್ ಕಡೆಯಿಂದ ಗೊರಗುಂಟೆಪಾಳ್ಯ ತಲುಪಿ, ಹುಬ್ಬಳ್ಳಿ ಕಡೆಯ ಬಸ್ಸುಗಳು ತುಮಕೂರು ರಸ್ತೆ ಹಿಡಿಯುವುದು ಅಲ್ಲೇ. ಸೀಟು ಮೊದಲೇ ಬುಕ್ ಮಾಡಿ, ಹತ್ತುವ ಜಾಗ ಅದನ್ನೇ ಕೊಡಿ.

ಮೆಡಿಕಲ್ ಶಾಪಿನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಜೇಬಿನಲ್ಲಿರಲಿ. 85 ಡೆಸಿಬೆಲ್ ಸದ್ದನ್ನು 8 ಗಂಟೆ ತಡೆಯಬಹುದು ಅಂತ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್ಲಿಗೆ ಉಳಿಯುವುದು 15 ನಿಮಿಷ.

## ಆಳಕ್ಕೆ ಇಳಿದವರಿಗೆ

ಕ್ಯಾಸೆಟ್ ಸಿಕ್ಕೈತಿ, ಮಾವನ ಕಾಲದ್ದು. ಕಂಪ್ಯೂಟರಿಗೆ ಹಾಕ್ಕೊಳ್ಳೋದು ಹೆಂಗೆ?

ಸಿಕ್ಕ ಕೂಡಲೇ ಪ್ಲೇಯರಿಗೆ ತುರುಕಬೇಡಿ. ಟೇಪಿನ ಸುರುಳಿಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದು ಬೂಷ್ಟು. ಅದು ಪ್ಲೇಯರಿನ ಹೆಡ್ಡಿಗೂ ಅಲ್ಲಿಂದ ಬೇರೆ ಕ್ಯಾಸೆಟ್ಟಿಗೂ ಹರಡುತ್ತದೆ. ಟೇಪಿನ ಹಿಂದೆ ನಡುಭಾಗದಲ್ಲಿರುವ ಪುಟ್ಟ ಒತ್ತುಮೆತ್ತೆ ಉದುರಿದ್ದರೆ ಸದ್ದು ಮಂಕಾಗಿ ತೇಲುತ್ತದೆ. ಕೆಲಸಕ್ಕೆ ಬಾರದ ಇನ್ನೊಂದು ಕ್ಯಾಸೆಟ್ಟಿನ ಚಿಪ್ಪಿಗೆ ಟೇಪು ವರ್ಗಾಯಿಸಿ. ಎರಡೂ ಕಡೆ ಒಮ್ಮೆ ಪೂರ್ತಿ ಮುಂದೆ ಓಡಿಸಿ, ಹಿಂದೆ ಸುತ್ತಿ, ಅಂಟಿಕೊಂಡಿರುವ ಪದರ ಬಿಡಲಿ.

ಹೆಡ್ಡು ಮತ್ತು ರಬ್ಬರ್ ರೋಲರನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಇಯರ್‌ಫೋನ್ ತೂತಿನಿಂದಲ್ಲ, ಡೆಕ್ಕಿನ ಲೈನ್-ಔಟ್‌ನಿಂದ ತಂತಿ ಎಳೆದು, ಯು.ಎಸ್.ಬಿ. ಆಡಿಯೊ ಇಂಟರ್‌ಫೇಸಿನ ಲೈನ್-ಇನ್ ಮೂಲಕ ಕಂಪ್ಯೂಟರಿಗೆ ಕೊಡಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಿದರೆ ಸದ್ದು ಒಡೆಯುತ್ತದೆ, ಬಹಳಷ್ಟರಲ್ಲಿ ಎಡ-ಬಲ ಒಂದಾಗಿಬಿಡುತ್ತದೆ. ಆಡಾಸಿಟಿ ತಂತ್ರಾಂಶ ಸಾಕು. 44.1 ಕಿಲೊಹರ್ಟ್ಜ್, ಅತಿ ಜೋರಿನ ಜಾಗದಲ್ಲೂ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಿರಲಿ. 16 ಬಿಟ್ಟಿನಲ್ಲಿ ನಿಮಿಷಕ್ಕೆ ಸುಮಾರು 10 ಎಂ.ಬಿ. ಹಿಡಿಯುತ್ತದೆ.

ಸಿಂಬಲ್ಲಿನ ಸದ್ದು ಕಂಬಳಿ ಹೊದ್ದಂತಿದ್ದರೆ ಮೊದಲು ಡಾಲ್ಬಿ (ಟೇಪಿನ ಸುಯ್ ಸದ್ದು ತಗ್ಗಿಸುವ ವ್ಯವಸ್ಥೆ) ಬಟನ್ ನೋಡಿ. ಕ್ಯಾಸೆಟ್ಟಿನ ಮೇಲೆ ಡಾಲ್ಬಿ ಗುರುತಿಲ್ಲದಿದ್ದರೆ ಅದು ಆಫ್ ಇರಬೇಕು. ಆಗಲೂ ಮಂಕಾಗಿದ್ದರೆ ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಸ್ಕ್ರೂವನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ, ಸದ್ದು ತಿಳಿಯಾಗುವ ಜಾಗದಲ್ಲಿ ನಿಲ್ಲಿಸಿ. ಹಾಡು ಅರ್ಧ ಸ್ವರ ಕೆಳಗೆ ಕೇಳಿದರೆ ಪ್ಲೇಯರಿನ ಬೆಲ್ಟ್ ಸಡಿಲವಾಗಿದೆ, ಬದಲಿಸಿದ ಮೇಲೇ ಮುದ್ರಿಸಿ.

1998ರ ಸಿ.ಡಿ. ಒಳ್ಳೇದಾ, ಈಗಿನ ರೀಮಾಸ್ಟರಾ?

ಹಳೇ ಮೇಡನ್ ಆಲ್ಬಮ್ಮುಗಳ 1998ರ ಸಿ.ಡಿ. ಜೋರು. ಕಾರಿನಲ್ಲಿ ಖುಷಿ ಕೊಡುತ್ತದೆ, ಹೆಡ್‌ಫೋನಿನಲ್ಲಿ ಬೇಗ ದಣಿಸುತ್ತದೆ. ಕೂತು ಕೇಳುವವರಿಗೆ 2015ರ ರೀಮಾಸ್ಟರ್, ಅಂದರೆ ಸದ್ದನ್ನು ಹೊಸದಾಗಿ ಹದ ಮಾಡಿದ ಆವೃತ್ತಿ, ಮೇಲು. ಹೋಲಿಸುವಾಗ ಎರಡರ ಸದ್ದೂ ಸಮ ಮಾಡಿಕೊಳ್ಳಿ, ಇಲ್ಲದಿದ್ದರೆ ಜೋರಿರುವುದೇ ಚೆನ್ನಾಗಿದೆ ಅನ್ನಿಸುತ್ತದೆ. ಇನ್ನೊಂದು: ‘ನಂಬರ್ ಆಫ್ ದಿ ಬೀಸ್ಟ್’ ಮೂಲದಲ್ಲಿ 8 ಹಾಡು. 1998ರ ಸಿ.ಡಿ.ಯಲ್ಲಿ ‘ಟೋಟಲ್ ಎಕ್ಲಿಪ್ಸ್’ ಸೇರಿ 9.

ಫೆಸ್ಟಿಗೆ ಮೇಡನ್ ಹಾಡು ಹಾಕಿದೀವಿ. ಪಲ್ಲವಿಗೆ ಬಂದ್ರೆ ಗಂಟಲು ಕಟ್ಟುತ್ತೆ. ಏನ್ ಮಾಡೋದು ಗುರು?

ಗಂಟಲಿನ ಮೇಲೆ ಸಿಟ್ಟಾಗುವ ಮೊದಲು ಶ್ರುತಿ ನೋಡಿ. ಮೇಡನ್ ಹಾಡುವುದು ಗಿಟಾರಿನ ಮಾಮೂಲಿ ಶ್ರುತಿಯಲ್ಲಿ, ಹಾರ್ಮೋನಿಯಂ ಲೆಕ್ಕದಲ್ಲಿ ಬಹುತೇಕ ಬಿಳಿ ಮೂರು. ನೀವು ಎಲ್ಲ ತಂತಿಗಳನ್ನೂ ಅರ್ಧ ಸ್ವರ ಇಳಿಸಿ ಕಪ್ಪು ಎರಡಕ್ಕೆ ತನ್ನಿ. ಕೇಳುವವರಿಗೆ ಗೊತ್ತೂ ಆಗುವುದಿಲ್ಲ. 9ರ ದಪ್ಪದ ಸೆಟ್ ಹಾಕಿದ್ದರೆ ತಂತಿ ಸಡಿಲವಾಗಿ ಗಿರಗುಟ್ಟುತ್ತದೆ, 10ರ ಸೆಟ್ ಹಾಕಿ. ತೇಲುವ ಬ್ರಿಜ್ ಇರುವ ಗಿಟಾರಾದರೆ ಶ್ರುತಿ ಇಳಿಸಿದೊಡನೆ ಬ್ರಿಜ್ ಹಿಂದಕ್ಕೆ ವಾಲುತ್ತದೆ. ಹಿಂಬದಿಯ ಸ್ಪ್ರಿಂಗಿನ ಸ್ಕ್ರೂ ಸಡಿಲಿಸಿ ಮಟ್ಟ ಮಾಡಬೇಕು, ಇದನ್ನು ಕಾರ್ಯಕ್ರಮದ ದಿನ ಬೆಳಿಗ್ಗೆ ಹಚ್ಚಿಕೊಳ್ಳಬೇಡಿ.

ಹಾಡಿನ ಆಯ್ಕೆ ಮುಖ್ಯ. ‘ಏಸಸ್ ಹೈ’ ಬ್ರೂಸಿಗೇ ಕಷ್ಟ ಕೊಡುವ ಹಾಡು, ಅದನ್ನು ಬಿಡಿ. ‘ಫಿಯರ್ ಆಫ್ ದಿ ಡಾರ್ಕ್’, ‘ವೇಸ್ಟೆಡ್ ಇಯರ್ಸ್’ ಸುರಕ್ಷಿತ. ‘ದಿ ಟ್ರೂಪರ್’ ಸ್ವರಕ್ಕಿಂತ ಉಸಿರಿನ ಪರೀಕ್ಷೆ. ಕುದುರೆ ಓಟದ ಆ ಲಯದಲ್ಲಿ, ಒಂದು ಉದ್ದ ಎರಡು ಗಿಡ್ಡ ಏಟು, ಪದಗಳು ಸಾಲುಗಟ್ಟಿ ಬರುತ್ತವೆ. ಸಾಹಿತ್ಯದ ಹಾಳೆ ಮೇಲೆ ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಗೀಟು ಹಾಕಿ, ಅಲ್ಲಿ ಬಿಟ್ಟು ಬೇರೆಲ್ಲೂ ತೆಗೆದುಕೊಳ್ಳಬೇಡಿ. ಡ್ರಮ್ಮರಿಗೆ ನಿಮಿಷಕ್ಕೆ 160 ಏಟಿನ ಮೆಟ್ರೊನೋಮ್ ಕಿವಿಗೆ ಕೊಡಿ. ವೇದಿಕೆಯ ಹುಮ್ಮಸ್ಸಿಗೆ 175ಕ್ಕೆ ಓಡಿದರೆ ಗಾಯಕ ಮಧ್ಯದಲ್ಲೇ ಖಾಲಿ.

ಹಾಡುವ ಮೊದಲು 15 ನಿಮಿಷ ತುಟಿ ಅದುರಿಸುತ್ತಾ ಮೇಲೆ ಕೆಳಗೆ ಓಡಾಡಿ, ಮಂದ್ರದಿಂದ ಶುರು. ಎತ್ತರದ ಸ್ವರಕ್ಕೆ ಗದ್ದ ಮೇಲೆತ್ತುವುದು ಎಲ್ಲರ ಚಟ. ಗದ್ದ ಎದ್ದರೆ ಗಂಟಲು ಬಿಗಿಯುತ್ತದೆ, ನೇರ ಇರಲಿ, ಬಾಯಿ ನಿಡಿದಾಗಿ ತೆರೆಯಲಿ. ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚಬೇಡಿ, ಪದ ಕೆಸರಾಗುತ್ತದೆ, ಕೂಗುಸದ್ದೂ ಏಳುತ್ತದೆ. ಬಹುತೇಕ ಗಂಟಲು ಕಟ್ಟುವುದು ವೇದಿಕೆಯಲ್ಲಿ ತನ್ನ ದನಿ ತನಗೇ ಕೇಳಿಸದೆ ಕೂಗಿದ್ದರಿಂದ. ಸೌಂಡಿನವರ ಹತ್ತಿರ ಮಾನಿಟರಿನಲ್ಲಿ ದನಿ ಹೆಚ್ಚಿಸಿ, ಗಿಟಾರ್ ಇಳಿಸಿ ಅಂತ ಕೇಳಿ. ಹಿಂದಿನ ರಾತ್ರಿ ಮೆಣಸಿನಕಾಯಿ ಬೇಡ, ಎದೆಯುರಿ ಬಂದು ಹುಳಿ ಮೇಲೇರಿದರೆ ಬೆಳಿಗ್ಗೆ ದನಿಯೇ ಏಳುವುದಿಲ್ಲ. ದನಿ ಒಡೆದು ಎರಡು ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ.

ಕ್ಯಾನ್ಸರ್ ಆದ್ಮೇಲೆ ದನಿ ಇಳೀತು, ‘ಬುಕ್ ಆಫ್ ಸೋಲ್ಸ್’ ಕೇಳಿದ್ರೇ ಗೊತ್ತಾಗುತ್ತೆ ಅಂತಾರೆ?

ತಾರೀಖು ನೋಡದೆ ಹೇಳುವ ಮಾತು. ‘ದಿ ಬುಕ್ ಆಫ್ ಸೋಲ್ಸ್’ 2015ರ ಸೆಪ್ಟೆಂಬರಿನಲ್ಲಿ ಬಂದರೂ ಪ್ಯಾರಿಸ್ಸಿನಲ್ಲಿ ಮುದ್ರಣವಾದದ್ದು 2014ರಲ್ಲಿ. ನಾಲಗೆಯ ಬುಡದ ಗೆಡ್ಡೆ ಪತ್ತೆಯಾದದ್ದು ಆಮೇಲೆ. 2015ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿತ್ತು, ಕಿಮೊ ಮತ್ತು ವಿಕಿರಣ ಚಿಕಿತ್ಸೆಯ ನಂತರ ಮೇ ತಿಂಗಳಲ್ಲಿ ಗುಣವಾಗಿದೆ ಎಂದು ಪ್ರಕಟಿಸಿದರು. ಮೇಡನ್‌ನಲ್ಲಿ ಚಿಕಿತ್ಸೆಯ ನಂತರದ ಮೊದಲ ಸ್ಟುಡಿಯೊ ದನಿ ‘ಸೆಂಜುಟ್ಸು’ (2021), 2019ರಲ್ಲಿ ಮುದ್ರಿಸಿದ್ದು. ಅಲ್ಲಿ ದನಿ ಕಪ್ಪಾಗಿದೆ, ಭಾರವಾಗಿದೆ, ಅರವತ್ತು ದಾಟಿದವನ ದನಿ. ‘ಮ್ಯಾಂಡ್ರೇಕ್ ಪ್ರಾಜೆಕ್ಟ್’ನಲ್ಲಿ ಅದೇ ದನಿ ಇನ್ನಷ್ಟು ನಿರಾಳ, ಯಾಕಂದರೆ ಹಾಡುಗಳನ್ನು ಅದರ ಅಳತೆಗೇ ಹೊಲಿದಿದ್ದಾರೆ.

‘ಎಂಪೈರ್ ಆಫ್ ದಿ ಕ್ಲೌಡ್ಸ್’ 18 ನಿಮಿಷ ಐತಿ. ನಡುವೆ ನಿದ್ದೆ ಬರುತ್ತೆ. ಏನೈತಿ ಅದರಲ್ಲಿ?

‘ಬುಕ್ ಆಫ್ ಸೋಲ್ಸ್’ ಆಲ್ಬಮ್ಮಿನ ಈ ಹಾಡು ಪೂರ್ತಿ ಬ್ರೂಸ್ ಬರೆದದ್ದು, ಪಿಯಾನೊ ನುಡಿಸಿದವನೂ ಅವನೇ. ವಿಷಯ ಆರ್101 ಎಂಬ ಬ್ರಿಟಿಷ್ ವಾಯುನೌಕೆ. ಅದು ಹೊರಟದ್ದು ನಮ್ಮ ಕಡೆಗೇ: ಇಂಗ್ಲೆಂಡಿನಿಂದ, ಆಗಿನ ಅಖಂಡ ಭಾರತದ ಕರಾಚಿಗೆ. 1930ರ ಅಕ್ಟೋಬರ್ 5ರ ಬೆಳಗಿನ ಜಾವ ಫ್ರಾನ್ಸಿನ ಬೊವೆ ಊರಿನ ಬಳಿ ಬಿದ್ದು ಉರಿಯಿತು. ಇದ್ದ 54 ಜನರಲ್ಲಿ 48 ಮಂದಿ ಸತ್ತರು.

ಹಾಡನ್ನು ಪ್ರಯಾಣದ ಹಾಗೆ ಕೇಳಿ. ಪಿಯಾನೊ ಮುಗಿಯುವವರೆಗೆ ನೌಕೆ ಇನ್ನೂ ಕಂಬಕ್ಕೆ ಕಟ್ಟಿಯೇ ಇದೆ. ನಡುವೆ ಡ್ರಮ್ಮು ಗಿಟಾರು ಸೇರಿ ಚುಕ್ಕಿ-ಗೆರೆಯ ಮೋರ್ಸ್ ಸಂಕೇತದ ಲಯ ಬಡಿಯುವಾಗ ಬಿರುಗಾಳಿ ಹತ್ತಿರ ಬಂದಿದೆ. ಬಸ್ಸಿನಲ್ಲಿ, ಇಯರ್‌ಫೋನಿನ ಒಂದೇ ಕಿವಿಯಲ್ಲಿ ಕೇಳಿದರೆ ನಿದ್ದೆ ಬರುವುದು ಸಹಜ. ಸಾಹಿತ್ಯ ಮುಂದಿಟ್ಟುಕೊಂಡು, ಒಮ್ಮೆಯೂ ನಿಲ್ಲಿಸದೆ ಕೇಳಿ. ಅದಾದ ಮೇಲೂ ಹಿಡಿಸದಿದ್ದರೆ ‘ಪವರ್‌ಸ್ಲೇವ್’ ಆಲ್ಬಮ್ಮಿನ ಕೊನೆಯ ಹಾಡಿಗೆ ಹೋಗಿ. ಅದೂ ಕವಿತೆಯಿಂದ ಎತ್ತಿದ ಹಡಗಿನ ಕತೆ, ಸುಮಾರು ನಾಲ್ಕು ನಿಮಿಷ ಗಿಡ್ಡ, ಮತ್ತು ಹ್ಯಾರಿಸ್ ಬರೆದದ್ದು.